ಬೀಗ ತೆಗೆದು ಕೂರುವವರು



ಇವತ್ತು ನಾನು ಒಂದು ಸಣ್ಣ ಸೇವೆಯ ಬಗ್ಗೆ ಮಾತಾಡಬೇಕೆಂದಿದ್ದೇನೆ. ಹಳೆಯ ಕಟ್ಟಡವೊಂದರ ಬೀಗ ತೆಗೆದು, ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆ ‘ಬನ್ನಿ, ಒಳಗೆ ಬನ್ನಿ’ ಎನ್ನುವ ಸೇವೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಜರ್ಮನಿ, ಸ್ವೀಡನ್, ಫಿನ್ಲೆಂಡ್‌ನಂಥ ದೇಶಗಳಲ್ಲಿ ಬೇಸಿಗೆ ಬಂತೆಂದರೆ ಲೂಥರನ್ ಸಭೆಗಳ ಹಳೆಯ ಚರ್ಚುಗಳಲ್ಲಿ ಊರಿನವರು ಸರದಿಯ ಮೇಲೆ ಈ ಕೆಲಸಕ್ಕೆ ಕೂರುತ್ತಾರೆ. ಶಾಲೆಗೆ ರಜೆ ಇರುವ ಮಕ್ಕಳು, ನಿವೃತ್ತರಾದ ಅಂಚೆಯವರು, ದಾದಿಯರು, ಗೃಹಿಣಿಯರು. ಸ್ವೀಡನ್‌ನಲ್ಲಿ ಹೆದ್ದಾರಿಯ ಬದಿಯ ಚರ್ಚುಗಳಲ್ಲಿ ದಾರಿಹೋಕರಿಗೆ ಕಾಫಿಯನ್ನೂ ಕೊಡುವುದುಂಟು. ಫಿನ್ಲೆಂಡ್‌ನಲ್ಲಿ ಬೇಸಿಗೆಯಲ್ಲಿ ತೆರೆದಿರುವ ಚರ್ಚುಗಳಿಗೆ ರಸ್ತೆಯಲ್ಲೇ ಫಲಕ ನೆಟ್ಟಿರುತ್ತಾರೆ. ನಮ್ಮ ಕರ್ನಾಟಕಕ್ಕೂ, ನಮ್ಮ ಬೆಂಗಳೂರಿನ ದಕ್ಷಿಣಕ್ಕೂ ಈ ಸೇವೆ ಬೇಕು ಎನ್ನುವುದು ನನ್ನ ಮಾತು.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ನಮ್ಮದು ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಸಭೆಯ ಮನೆತನ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಅಪ್ಪ ಶಾಲೆಯ ಮೇಷ್ಟರು. ಮದುವೆಯಾಗಿ ಬೆಂಗಳೂರಿಗೆ ಬಂದು, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾಗಿ, ಈಗ ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿಯಲ್ಲಿದ್ದೇನೆ. ಯಲಹಂಕದ ಹತ್ತಿರ ಇನ್ನೊಂದು ಪುಟ್ಟೇನಹಳ್ಳಿ ಇದೆ, ಅಲ್ಲೂ ಒಂದು ಹಕ್ಕಿಗಳ ಕೆರೆ ಇದೆ. ನಾನು ಹೇಳುತ್ತಿರುವುದು ದಕ್ಷಿಣದ ಪುಟ್ಟೇನಹಳ್ಳಿ, ಪುಟ್ಟಕೆರೆಯ ಪುಟ್ಟೇನಹಳ್ಳಿ. ಮಗಳು ಅಳಿಯ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ ಎಂಬ ಊರಿನಲ್ಲಿದ್ದಾರೆ. ಕಾರು, ಕಾರಿನ ಬಿಡಿಭಾಗ ಮಾಡುವ ಹಲವು ದೊಡ್ಡ ಕಂಪನಿಗಳು ಆ ಸುತ್ತಿನಲ್ಲಿ ಇರುವುದರಿಂದ ಬೆಂಗಳೂರಿನ ಎಂಜಿನಿಯರುಗಳಿಗೆ ಅದು ಹೊಸ ಊರಲ್ಲ. ಮಗಳು ಅಲ್ಲಿನ ಸಭೆಗೆ ಸೇರಿದ್ದಾಳೆ, ಬೇಸಿಗೆಯಲ್ಲಿ ಬಾಗಿಲ ಸೇವೆಗೆ ಹೆಸರು ಕೊಟ್ಟಿದ್ದಾಳೆ. ನಾನು ಹೋದಾಗ ಅವಳ ಜೊತೆಗೆ ಕೂರುತ್ತಿದ್ದೆ.

ಎಸ್ಲಿಂಗೆನ್‌ನ ಆ ಚರ್ಚು ಸಂತ ಡಿಯೋನಿಸ್ ಹೆಸರಿನದು. ನೆಕರ್ ನದಿಯ ದಡದ ಊರಿನ ನಡುವೆ ಎರಡು ಗೋಪುರಗಳನ್ನೆತ್ತಿ ನಿಂತಿದೆ. ಎತ್ತರದಲ್ಲಿ ಆ ಗೋಪುರಗಳ ನಡುವೆ ಒಂದು ಸೇತುವೆ ಹಾಕಿದ್ದಾರೆ. ಮೊದಲ ಸಲ ನೋಡಿದವರೆಲ್ಲ ಕೇಳುವ ಪ್ರಶ್ನೆ, ಆ ಸೇತುವೆ ಯಾಕೆ ಎಂದು. ಗೋಪುರಗಳು ವಾಲದಂತೆ ಒಂದಕ್ಕೊಂದು ಆಸರೆ. ಒಳಗೆ ಮಧ್ಯಯುಗದ ಬಣ್ಣದ ಗಾಜಿನ ಕಿಟಕಿಗಳಿವೆ. ನೆಲದಡಿಯಲ್ಲಿ ಇನ್ನೂ ಹಳೆಯ ಚರ್ಚುಗಳ ಅಡಿಪಾಯವನ್ನು ಅಗೆದು ತೆಗೆದಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನ ಸುಧಾರಣೆಯ ಗಾಳಿ ಆ ನಾಡಿಗೆ ಬೀಸಿದಾಗ ಈ ಚರ್ಚೂ ಆ ಕಡೆಗೆ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು. ಕ್ಯಾಥೊಲಿಕ್ ಇಗರ್ಜಿಗಳ ಬಾಗಿಲು ಸಾಮಾನ್ಯವಾಗಿ ಹಗಲೆಲ್ಲ ತೆರೆದಿರುತ್ತದೆ. ಯಾರು ಬೇಕಾದರೂ ಹೋಗಿ ಮೊಣಕಾಲೂರಿ ಬರಬಹುದು. ನಮ್ಮ ಪ್ರೊಟೆಸ್ಟೆಂಟರದು ಬೇರೆ ರೂಢಿ. ದೇವರು ಕಲ್ಲಿನ ಕಟ್ಟಡದಲ್ಲಿಲ್ಲ, ಪ್ರಾರ್ಥನೆ ಮನೆಯಲ್ಲೂ ಹೊಲದಲ್ಲೂ ಆಗುತ್ತದೆ, ಸಭೆ ಕೂಡಿ ವಾಕ್ಯ ಕೇಳುವ ಹೊತ್ತಿಗೆ ಮಾತ್ರ ಕಟ್ಟಡ ಬೇಕು ಎಂದು ಸುಧಾರಕರು ಕಲಿಸಿದರು. ಕಲಿಸಿದ್ದು ದೊಡ್ಡ ಮಾತೇ. ಆದರೆ ಅದರ ಬೆನ್ನಿಗೆ ಒಂದು ಅಭ್ಯಾಸವೂ ಬೆಳೆಯಿತು: ಭಾನುವಾರ ಆರಾಧನೆ ಮುಗಿದ ಕೂಡಲೇ ಬೀಗ. ಸೋಮವಾರದಿಂದ ಶನಿವಾರದವರೆಗೆ ಚರ್ಚು ಮುಚ್ಚಿದ್ದೇ. ಜರ್ಮನಿಯಿಂದ ಬಂದ ಮಿಷನರಿಗಳು ಬೈಬಲನ್ನು, ಅಚ್ಚಿನ ಕಲ್ಲನ್ನು, ಮಗ್ಗವನ್ನು ತಂದ ಹಾಗೆ ಈ ಅಭ್ಯಾಸವನ್ನೂ ಮಂಗಳೂರಿಗೆ ತಂದರು. ನನ್ನ ಬಾಲ್ಯದಲ್ಲಿ ವಾರದ ನಡುವೆ ಚರ್ಚಿನೊಳಗೆ ಹೋಗುವುದೆಂದರೆ ಮದುವೆಗೆ, ಇಲ್ಲವೇ ಶವಸಂಸ್ಕಾರಕ್ಕೆ.

ಜರ್ಮನಿಯವರು ಆ ಅಭ್ಯಾಸವನ್ನು ಈಚಿನ ದಶಕಗಳಲ್ಲಿ ತಾವೇ ತಿದ್ದಿಕೊಂಡಿದ್ದಾರೆ. ಭಾನುವಾರದ ಆರಾಧನೆಗೆ ಬರುವವರು ಕಡಿಮೆಯಾದರು, ಆದರೆ ಬೇಸಿಗೆಯಲ್ಲಿ ಸೈಕಲ್ ಮೇಲೆ, ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ಸುತ್ತುವವರು ಹೆಚ್ಚಾದರು. ಅವರು ಬಂದು ಬಾಗಿಲು ತಳ್ಳಿ ನೋಡಿ, ಬೀಗ ಕಂಡು ತಿರುಗಿ ಹೋಗುತ್ತಿದ್ದರು. ಆಗ ಜರ್ಮನಿಯ ಸಭೆಗಳು ಒಂದು ಕ್ರಮ ಮಾಡಿಕೊಂಡವು. ವಸಂತದಿಂದ ಶರತ್ಕಾಲದವರೆಗೆ ವಾರದ ಹೆಚ್ಚಿನ ದಿನ ಕೆಲವು ಗಂಟೆ ಬಾಗಿಲು ತೆರೆದಿಡುತ್ತೇವೆ ಎಂದು ಒಪ್ಪಿಕೊಂಡ ಚರ್ಚಿಗೆ ಒಂದು ಗುರುತಿನ ಫಲಕ. ಫಲಕ ಹಾಕಿದ ಮೇಲೆ ಮಾತು ತಪ್ಪುವಂತಿಲ್ಲ. ಬಂದವನು ನಂಬಿ ಬಂದಿರುತ್ತಾನೆ. ಆದರೆ ಬಾಗಿಲು ತೆರೆದಿಟ್ಟು ಯಾರೂ ಇಲ್ಲದಿದ್ದರೆ ಕಳವು, ಗಲೀಜು. ಸಭಾಪಾಲಕರು ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳಲಾರರು. ಹಾಗಾಗಿ ಊರಿನವರನ್ನೇ ಕರೆದರು. ಬಾಗಿಲ ಸೇವೆ ಬಂದದ್ದು ಹೀಗೆ.

ಕೆಲಸ ಏನು? ಹೇಳಲು ಹೋದರೆ ತೀರಾ ಸಾಮಾನ್ಯ. ಹೊತ್ತಿಗೆ ಸರಿಯಾಗಿ ಬಂದು ಬೀಗ ತೆಗೆಯಬೇಕು. ಕಿಟಕಿ ತೆರೆಯಬೇಕು, ಮೇಣದಬತ್ತಿಯ ತಟ್ಟೆ ಸ್ವಚ್ಛ ಮಾಡಬೇಕು, ಪರಿಚಯದ ಹಾಳೆಗಳನ್ನು ಭಾಷೆಗೊಂದರಂತೆ ಜೋಡಿಸಿಡಬೇಕು. ಯಾವಾಗಲೂ ಇಬ್ಬರು ಇರಬೇಕು, ಒಬ್ಬರೇ ಕೂರುವಂತಿಲ್ಲ. ಬೆಂಕಿ ನಂದಿಸುವ ಸಿಲಿಂಡರು ಎಲ್ಲಿದೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ, ಯಾರಿಗೆ ಫೋನು ಮಾಡಬೇಕು ಎಂಬುದನ್ನು ಮೊದಲ ದಿನವೇ ತೋರಿಸಿಕೊಡುತ್ತಾರೆ. ಶೌಚಾಲಯ ಎಲ್ಲಿ ಎಂದು ಕೇಳುವವರೇ ಹೆಚ್ಚು. ಅದಕ್ಕೂ ಮುಖ ಗಂಟಿಕ್ಕದೆ ಉತ್ತರ ಹೇಳಬೇಕು. ಬಿಸಿಲಲ್ಲಿ ಬಂದ ಮುದುಕರಿಗೆ ಕೂರಲು ಜಾಗ ತೋರಿಸಿ ನೀರು ಕೊಡಬೇಕು.

ಮಗಳ ಜೊತೆಗೆ ಸರದಿ ಕೂರುತ್ತಿದ್ದವರು ಒಬ್ಬ ವಯಸ್ಸಾದ ಹೆಂಗಸು. ಬಹಳ ವರ್ಷದಿಂದ ಈ ಸೇವೆ ಮಾಡುತ್ತಿದ್ದವರು. ಅವರದೊಂದು ನಿಯಮವಿತ್ತು. ಬಂದವರು ಒಳಗೆ ಕಾಲಿಟ್ಟ ಕೂಡಲೇ ಮೇಲೆ ಬೀಳಬೇಡ. ಅವರು ಮೊದಲು ತಲೆ ಎತ್ತಿ ಚಾವಣಿ ನೋಡಲಿ, ಸುತ್ತ ಕಣ್ಣು ಹಾಯಿಸಲಿ. ಆಮೇಲೆ ಅವರಾಗಿಯೇ ನಿನ್ನ ಕಡೆ ತಿರುಗುತ್ತಾರೆ. ಆಗ ಮಾತಾಡು. ತಿರುಗದೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತರೋ, ಅವರನ್ನು ಮಾತಾಡಿಸಬೇಡ, ಅವರು ಇತಿಹಾಸ ಕೇಳಲು ಬಂದವರಲ್ಲ. ಮೂವತ್ತು ಚಿಲ್ಲರೆ ವರ್ಷ ಮೇಷ್ಟರ ಕೆಲಸ ಮಾಡಿದ ನನಗೆ ಈ ನಿಯಮ ಬಹಳ ಇಷ್ಟವಾಯಿತು. ಗೊತ್ತಿರುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುವವರು ನಮ್ಮಲ್ಲಿ ಹೆಚ್ಚು. ಕೇಳುವವರಿಗೆ ಹಸಿವಾಗುವ ತನಕ ಕಾಯುವವರು ಕಡಿಮೆ.

ಇನ್ನೊಂದು ನಿಯಮ ಇಡೀ ಸಭೆಯದು. ಬಾಗಿಲಲ್ಲಿ ಕೂತವರು ಮತಬೋಧನೆ ಮಾಡಕೂಡದು. ಬಂದವರ ಧರ್ಮ ಕೇಳಕೂಡದು. ಅವರು ಕೇಳಿದರೆ ನಮ್ಮ ನಂಬಿಕೆ ಏನೆಂದು ಹೇಳಬಹುದು, ಅಷ್ಟೇ. ಟರ್ಕಿ ಮೂಲದ ಕುಟುಂಬಗಳು, ಚೀನಾದ ಪ್ರವಾಸಿಗಳು, ಯಾವ ದೇವರನ್ನೂ ನಂಬದವರು, ಎಲ್ಲರೂ ಬರುತ್ತಾರೆ. ಎಲ್ಲರಿಗೂ ಒಂದೇ ಮರ್ಯಾದೆ.

ಒಂದು ಮಧ್ಯಾಹ್ನ ಮಗಳು ಆ ಹಿರಿಯರಿಗೆ ಹೇಳಿದಳು: ‘ನಮ್ಮ ಭಾಷೆಯ ಮೊಟ್ಟಮೊದಲ ಪತ್ರಿಕೆ ಹೊರಡಿಸಿದವರು ತೀರಿಕೊಂಡದ್ದು ನಿಮ್ಮ ಈ ಊರಿನಲ್ಲೇ.’ ಅವರಿಗೆ ಅದು ಗೊತ್ತಿರಲಿಲ್ಲ. ಯಾರು, ಯಾವಾಗ ಎಂದು ಕೇಳಿ ಕೇಳಿ ಬರೆದುಕೊಂಡರು. ಹರ್ಮನ್ ಮೋಗ್ಲಿಂಗ್. ಹುಟ್ಟಿದ್ದು 1811ರಲ್ಲಿ, ಎಸ್ಲಿಂಗೆನ್ ಇರುವ ವುರ್ಟೆಂಬರ್ಗ್ ನಾಡಿನ ಬ್ರಾಕೆನ್‌ಹೈಮ್‌ನಲ್ಲಿ. ಟ್ಯೂಬಿಂಗೆನ್‌ನಲ್ಲಿ ಓದಿ 1836ರಲ್ಲಿ ಮಿಷನರಿಯಾಗಿ ಮಂಗಳೂರಿಗೆ ಬಂದರು. ಎಸ್ಲಿಂಗೆನ್‌ನಲ್ಲಿ 1881ರಲ್ಲಿ ತೀರಿಕೊಂಡರು. ಆಮೇಲೆ ಭಾರತದ ಕಡೆಯವರು ಯಾರಾದರೂ ಬಂದರೆ ಆ ಹಿರಿಯರು ತಮ್ಮ ನಿಯಮ ಮರೆತು ತಾವೇ ಎದ್ದು ಹೋಗಿ ಮೋಗ್ಲಿಂಗ್ ಕತೆ ಹೇಳುತ್ತಿದ್ದರು. ಅಲ್ಲಿ ನನಗೆ ಒಂದು ವಿಚಾರ ಚುಚ್ಚಿತು. ಎಸ್ಲಿಂಗೆನ್‌ನ ಒಬ್ಬ ಹೆಂಗಸು ಈಗ ಬಂದವರಿಗೆ ಮೋಗ್ಲಿಂಗ್ ಬಗ್ಗೆ ಹೇಳುತ್ತಾರೆ. ಮೋಗ್ಲಿಂಗ್ ಪತ್ರಿಕೆ ಅಚ್ಚು ಹಾಕಿದ ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ, ವಾರದ ನಡುವೆ ಬಂದು ನಿಂತ ಹುಬ್ಬಳ್ಳಿಯ ಮೇಷ್ಟರಿಗೆ, ಕೋಲಾರದ ವಿದ್ಯಾರ್ಥಿಗೆ ಅದನ್ನು ಹೇಳಲು ಯಾರು ಕೂತಿದ್ದಾರೆ?

ಬಲ್ಮಠದಲ್ಲಿ ಹೇಳಲು ಎಷ್ಟಿದೆ ಎಂದು ಸ್ವಲ್ಪ ಕೇಳಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಒಂದು ಮಿಷನ್ ಸಂಸ್ಥೆ ಹುಟ್ಟಿತು. ನಗರ ಸ್ವಿಸ್ ಜನರದು, ಕಾಲ್ವಿನ್ ಮತ್ತು ಜ್ವಿಂಗ್ಲಿಯ ಸಂಪ್ರದಾಯದ್ದು. ಆದರೆ ಅಲ್ಲಿಂದ ಹೊರದೇಶಕ್ಕೆ ಹೊರಟವರಲ್ಲಿ ಬಹುಪಾಲು ಜನ ವುರ್ಟೆಂಬರ್ಗ್‌ನ ಲೂಥರನ್ ಹಳ್ಳಿ-ಪಟ್ಟಣಗಳವರು. ಹಾಗಾಗಿ ನಮ್ಮ ಬಾಸೆಲ್ ಮಿಷನ್ ಸಭೆಗಳಲ್ಲಿ ಎರಡೂ ನೀರು ಬೆರೆತಿವೆ. ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರು ಮುಟ್ಟಿದರು. 1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಅಲ್ಲಿಂದ ಹೊರಬಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಸಣ್ಣ ಪತ್ರಿಕೆ. ಊರಿನ ಸುದ್ದಿ, ಸರಕಾರದ ಆದೇಶ, ಪರರಾಜ್ಯಗಳ ವರ್ತಮಾನ, ಹಾಡು, ಕತೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ನಾವು ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಆ ಮೊದಲ ಸಂಚಿಕೆಯ ನೆನಪಿಗೆ. ಆ ದಿನ ವೇದಿಕೆ ಹಾಕುತ್ತೇವೆ, ಹಾರ ಹಾಕುತ್ತೇವೆ. ಉಳಿದ ದಿನಗಳಲ್ಲಿ ಆ ಗುಡ್ಡ ಹತ್ತಿ ಬಂದವರನ್ನು ವಿಚಾರಿಸುವವರು ಬೇಕಲ್ಲ.

ಮೋಗ್ಲಿಂಗ್ ಪತ್ರಿಕೆಯೊಂದಕ್ಕೇ ನಿಲ್ಲಲಿಲ್ಲ. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತವನ್ನು, ಬಸವಪುರಾಣವನ್ನು, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ತಾಳೆಗರಿಯಲ್ಲಿ, ಬರೆದ ಕಾಗದದಲ್ಲಿ ಇದ್ದ ಕಾವ್ಯಗಳು ಆ ಕಲ್ಲಚ್ಚಿನಿಂದ ಪುಸ್ತಕವಾಗಿ ಎದ್ದು ಬಂದವು. ಕ್ರೈಸ್ತ ಮಿಷನರಿಯೊಬ್ಬ ಕನ್ನಡ ಸಾಹಿತ್ಯಕ್ಕೆ ಮಾಡಿದ ಕೆಲಸಕ್ಕೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಶಾಲೆಯ ಮಕ್ಕಳಿಗೆ ಈ ಒಂದು ಸಂಗತಿ ಹೇಳಿ ನೋಡಿ, ಅವರ ಕಣ್ಣು ಅಗಲವಾಗುತ್ತದೆ.

ಆಮೇಲೆ ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್. ತಂದೆ ಜರ್ಮನಿಯ ಉತ್ತರದ ಕರಾವಳಿಯಲ್ಲಿ ಲೂಥರನ್ ಸಭಾಪಾಲಕರು. ಮಗ 1853ರಲ್ಲಿ ಇಲ್ಲಿಗೆ ಬಂದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದುಕೊಂಡು ಕನ್ನಡ ಕಲಿತರು. 1862ರಲ್ಲಿ ‘ಕಥಾಮಾಲೆ’ ಬರೆದು ಯೇಸುವಿನ ಚರಿತ್ರೆಯನ್ನು ನಮ್ಮ ದೇಶೀ ಛಂದಸ್ಸಿನಲ್ಲಿ ಹಾಡಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಕೊನೆಗೆ 1894ರಲ್ಲಿ, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಅದೇ ಮುದ್ರಣಾಲಯದಿಂದ ಹೊರಬಂತು. ಕಿಟ್ಟೆಲ್ 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ತುದಿಯಲ್ಲಿ, ಮೇಯೋ ಹಾಲ್ ಹತ್ತಿರ, ಅವರ ಪ್ರತಿಮೆ ಇದೆ. ದಿನವೂ ಸಾವಿರಾರು ಜನ ಅದರ ಮುಂದೆ ಹಾದುಹೋಗುತ್ತಾರೆ.

ಬಲ್ಮಠದಲ್ಲಿ ಶಾಂತಿ ಕ್ಯಾಥೆಡ್ರಲ್ ಎದ್ದದ್ದೂ ‘ಕಥಾಮಾಲೆ’ ಬಂದ 1862ರಲ್ಲೇ. ಇವತ್ತು ಅದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆಗೆ ಸೇರಿದೆ. ಅದೇ ಗುಡ್ಡದ ಮೇಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಭಂಡಾರದಲ್ಲಿ ಬಾಸೆಲ್ ಮಿಷನ್ ಕಾಲದ ಪುಸ್ತಕಗಳೂ ಹಸ್ತಪ್ರತಿಗಳೂ ಇವೆ. ಸಂಶೋಧಕರಿಗೆ ಅವೆಲ್ಲ ಗೊತ್ತು. ಅವರಿಗೆ ದಾರಿ ತೋರಿಸುವವರು ಬೇಕಾಗಿಲ್ಲ. ನಾನು ಹೇಳುತ್ತಿರುವುದು ಸಾಮಾನ್ಯ ಜನರ ವಿಷಯ. ಪಣಂಬೂರಿನ ಕಡಲು ನೋಡಿ, ಕದ್ರಿ ದೇವಸ್ಥಾನಕ್ಕೆ ಹೋಗಿ, ಐಸ್‌ಕ್ರೀಮ್ ತಿಂದು, ಸಂಜೆಯ ರೈಲಿಗೆ ಇನ್ನೂ ಹೊತ್ತಿದೆ ಎಂದು ಬಲ್ಮಠಕ್ಕೆ ಬಂದವರ ವಿಷಯ.

ಇನ್ನು ಹಂಚು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ನೇತ್ರಾವತಿಯ ಜೇಡಿಯಿಂದ ಯಂತ್ರದ ಹಂಚು ಮಾಡುವ ಕಾರ್ಖಾನೆ ತೆರೆದರು. ಅದಕ್ಕೂ ಮೊದಲು, 1851ರ ಹೊತ್ತಿಗೆ, ಜಾನ್ ಹಾಲರ್ ನೇಯ್ಗೆಯ ಕಾರ್ಖಾನೆಯಲ್ಲಿ ಬಟ್ಟೆಗೆ ಖಾಕಿ ಬಣ್ಣ ಕಟ್ಟುವುದನ್ನು ರೂಢಿಗೆ ತಂದಿದ್ದರು. ಜಾತಿ ಬಿಟ್ಟು ಬಂದವರಿಗೆ ಹೊಲವೂ ಇಲ್ಲ, ಕಸುಬೂ ಇಲ್ಲ, ಊಟಕ್ಕೆ ದಾರಿ ಮಾಡಬೇಕು ಎಂದು ಶುರುವಾದ ಕಾರ್ಖಾನೆಗಳು ಇವು. ಬಸವನಗುಡಿಯ, ಚಾಮರಾಜಪೇಟೆಯ ಹಳೆಯ ಮನೆ ಉಳಿಸಿಕೊಂಡವರು ಒಮ್ಮೆ ಅಟ್ಟ ಹತ್ತಿ ಒಂದು ಹಂಚು ತಿರುಗಿಸಿ ನೋಡಿ. ಬೆನ್ನಮೇಲೆ ಮಂಗಳೂರಿನ ಯಾವುದಾದರೂ ಕಾರ್ಖಾನೆಯ ಹೆಸರು ಒತ್ತಿದ್ದು ಕಂಡೀತು. ನನ್ನ ಅಜ್ಜನ ಕೈಯೂ ಅಂಥ ಹಂಚುಗಳ ಮೇಲೆ ಆಡಿದೆ. ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಅವರ ಕೈತಪ್ಪಿದವು. ಕೆಲಸಗಾರರ ಮನೆಗಳಲ್ಲಿ ಆ ಕಾಲದ ಮಾತು ಬಹಳ ದಿನ ಉಳಿದಿತ್ತು.

ಸಾಹಿತ್ಯದ ಆಸಕ್ತರಿಗೆ ಇನ್ನೊಂದು ಎಳೆ ಇದೆ. ‘ಸಿದ್ಧಾರ್ಥ’ ಕಾದಂಬರಿ ಬರೆದು, 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆಯ ತಂದೆ ಯೋಹಾನ್ನೆಸ್ ಹೆಸ್ಸೆ ಬಾಸೆಲ್ ಮಿಷನ್ನಿನವರು, ಕೆಲವು ವರ್ಷ ಮಂಗಳೂರಿನಲ್ಲಿ ಕೆಲಸ ಮಾಡಿದವರು. ತಾಯಿ ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್, ಮಲಯಾಳಕ್ಕೆ ನಿಘಂಟು ಕೊಟ್ಟವರು. ‘ಸಿದ್ಧಾರ್ಥ’ ಓದಿದ ಎಷ್ಟೋ ಹುಡುಗ ಹುಡುಗಿಯರು ನಮ್ಮ ಜಯನಗರದ ಗ್ರಂಥಾಲಯಗಳಲ್ಲಿದ್ದಾರೆ. ಆ ಮನೆತನದ ಒಂದು ಬೇರು ಮಂಗಳೂರಿನಲ್ಲಿ ಇಳಿದಿತ್ತು ಎಂದು ಬಾಗಿಲಲ್ಲಿ ಕೂತವರು ಹೇಳಿದರೆ ಅವರು ಮತ್ತೆ ಬರುತ್ತಾರೆ.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುತ್ತೇನೆ. ಹೊಗಳಿಕೆ ಮಾತ್ರ ಹೇಳುವುದು ಬಾಗಿಲ ಸೇವೆಯಲ್ಲ. ಬಾಸೆಲ್ಲಿನವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಅವರು ಮುಚ್ಚಿಟ್ಟಿರಲಿಲ್ಲ, ನಾವೂ ಮುಚ್ಚಿಡಬೇಕಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಮೋಗ್ಲಿಂಗ್‌ರಿಂದ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಹೊತ್ತಿ ಉರಿದ ಹಾಗಾಯಿತು. ಅವರು ಬಾಸೆಲ್ಲಿಗೆ ಹೋಗಿ ಓದಿ, ಸಭಾಪಾಲಕರಾಗಿ ತಿರುಗಿ ಬಂದು, ಕೊಡಗಿನ ಆನಂದಪುರದಲ್ಲಿ ದುಡಿದರು. ಒಂದು ಮನೆ ಮಗನನ್ನು ಕಳೆದುಕೊಂಡೆ ಎಂದು ಅತ್ತಿತು, ಇನ್ನೊಂದು ಸಭೆ ಮಗನನ್ನು ಪಡೆದೆ ಎಂದು ಹಾಡಿತು. ಎರಡೂ ನಿಜ. ನಮ್ಮ ಬಾಗಿಲಿಗೆ ಬಂದವರು ಆ ಪ್ರಶ್ನೆ ಎತ್ತಿದರೆ ಎರಡನ್ನೂ ಹೇಳುವಷ್ಟು ಧೈರ್ಯ ಕೂತವರಿಗೆ ಇರಬೇಕು. ಕೋಪದಿಂದ ಬಂದವರು ಕೂಡ ಒಳಗೆ ಬಂದು ಕೂತು, ಕೇಳಿ, ಸಮಾಧಾನದಿಂದ ಹೋದರೆ ಅದಕ್ಕಿಂತ ದೊಡ್ಡ ಕೆಲಸ ಈ ಕಾಲದಲ್ಲಿ ನನಗೆ ತೋಚುವುದಿಲ್ಲ.

ಈಗ ಬೆಂಗಳೂರಿಗೆ ಬರೋಣ. ಒಮ್ಮೆ ಮೊಮ್ಮಕ್ಕಳನ್ನು ಕರೆದುಕೊಂಡು ನಗರದ ಹಳೆಯ ಚರ್ಚೊಂದಕ್ಕೆ ಹೋಗಿದ್ದೆ. ಹೆಸರು ಬೇಡ. ವಾರದ ನಡುವಿನ ದಿನ. ಗೇಟಿನಲ್ಲಿದ್ದವರು ಒಳಗೆ ಬಿಡಲಿಲ್ಲ. ಭಾನುವಾರ ಬನ್ನಿ ಎಂದರು. ಅವರದೇನೂ ತಪ್ಪಿಲ್ಲ, ಅವರಿಗೆ ಹೇಳಿಟ್ಟದ್ದೇ ಅಷ್ಟು. ಆದರೆ ಮಕ್ಕಳು ಮತ್ತೆ ಭಾನುವಾರ ಬರುವುದಿಲ್ಲ. ಬೇಸಿಗೆ ರಜೆಯ ಮಂಗಳವಾರ ಬಂದ ಕುತೂಹಲ ಅಲ್ಲಿಗೇ ಮುಗಿಯುತ್ತದೆ.

ಪುಟ್ಟೇನಹಳ್ಳಿಯಿಂದ ಬಸ್ಸು ಹತ್ತಿ ಕಾರ್ಪೊರೇಷನ್ನಿನ ಕಡೆ ಹೋದರೆ ಹಡ್ಸನ್ ವೃತ್ತದಲ್ಲಿ ಕಲ್ಲಿನ ಹಡ್ಸನ್ ಸ್ಮಾರಕ ಚರ್ಚು ಸಿಗುತ್ತದೆ. 1904ರದು. ಲೂಥರನ್ ಅಲ್ಲ, ವೆಸ್ಲಿಯನ್ ಮಿಷನ್ನಿನವರು ಕಟ್ಟಿದ್ದು. ಆದರೆ ಕನ್ನಡ ಸಭೆ, ಕನ್ನಡದಲ್ಲೇ ಆರಾಧನೆ. ಕನ್ನಡ ಶಾಲೆಗಳಿಗೆ ದುಡಿದ ಜೋಸಾಯ ಹಡ್ಸನ್ನರ ಹೆಸರು ಅದಕ್ಕಿದೆ. ಆ ವೃತ್ತದಲ್ಲಿ ಸಿಗ್ನಲ್ಲಿಗೆ ಕಾಯುತ್ತ ನಿಲ್ಲುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಇನ್ನೊಂದು ದಿಕ್ಕಿಗೆ ಹೋದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಆದ ಸಾವಿನ ವಿಷಯವನ್ನು ಅದು ಹೇಳುತ್ತದೆ. ಈ ಊರಿನ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹೆಚ್ಚು ಹಳೆಯದು ಎನ್ನುವುದಕ್ಕೆ ನಿಂತಿರುವ ಕಲ್ಲು. ಅಲ್ಲಿಗೂ ಬೇಸಿಗೆಯಲ್ಲಿ ಒಬ್ಬಿಬ್ಬರು ಬೇಕು. ನಾನು ಕ್ರೈಸ್ತಳು, ಚರ್ಚಿನಿಂದ ಮಾತು ಶುರು ಮಾಡಿದೆ. ಆದರೆ ಬಾಗಿಲ ಸೇವೆ ಯಾವ ಮತದವರ ಸ್ವತ್ತೂ ಅಲ್ಲ.

ಇಂಥದ್ದೆಲ್ಲ ನಮ್ಮಲ್ಲಿ ನಡೆಯುವುದಿಲ್ಲ, ಅದು ಅವರ ಊರಿಗೆ ಸರಿ ಎನ್ನುವವರಿಗೆ ಪುಟ್ಟೇನಹಳ್ಳಿ ಕೆರೆಯನ್ನೇ ತೋರಿಸುತ್ತೇನೆ. ಸುಮಾರು 13 ಎಕರೆಯ ಕೆರೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು, ನೀರು ಬರುವ ದಾರಿಗಳು ಮುಚ್ಚಿ, ಕೆರೆ ಸಾಯುತ್ತಿತ್ತು. 2010ರಲ್ಲಿ ಇಲ್ಲಿಯ ನಿವಾಸಿಗಳೇ ಸೇರಿ ಒಂದು ಟ್ರಸ್ಟ್ ಮಾಡಿಕೊಂಡರು, ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆ ವಹಿಸಿಕೊಂಡರು. ಪಕ್ಕದ ಸೌತ್ ಸಿಟಿ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರು ಕೆರೆಗೆ ಬರುವಂತಾಯಿತು. ರಜೆಯ ಬೆಳಿಗ್ಗೆ ಸಾಫ್ಟ್‌ವೇರಿನವರು, ಗೃಹಿಣಿಯರು, ಮಕ್ಕಳು ಕಳೆ ಕಿತ್ತಿದ್ದಾರೆ, ಗಿಡ ನೆಟ್ಟಿದ್ದಾರೆ. ನೀರುಕಾಗೆ, ಬೂದುಬಕ, ನಾಮದ ಕೋಳಿ ಎಲ್ಲ ಬಂದವು. ಯಾರಿಗೂ ಸಂಬಳವಿರಲಿಲ್ಲ. ಕೆರೆಗೆ ಇಷ್ಟು ಮಾಡಬಲ್ಲ ಜನ ನಮ್ಮ ನಡುವೆ ಇದ್ದಾರೆ ಎಂದಮೇಲೆ ಒಂದು ಬಾಗಿಲ ಪಕ್ಕ ಎರಡು ಗಂಟೆ ಕೂರುವವರು ಸಿಗುವುದಿಲ್ಲವೇ?

ಮಾಡುವುದಾದರೆ ಹೇಗೆ ಎಂದು ಹೇಳಿಬಿಡುತ್ತೇನೆ. ಮೊದಲು ಅನುಮತಿ. ಚರ್ಚಾದರೆ ಸಭಾಪಾಲಕರನ್ನೂ ಸಭೆಯ ಕಾರ್ಯದರ್ಶಿಗಳನ್ನೂ, ದೇವಸ್ಥಾನವಾದರೆ ಅರ್ಚಕರನ್ನೂ ಆಡಳಿತ ಮಂಡಳಿಯನ್ನೂ ಕಂಡು ಮಾತಾಡಬೇಕು. ಪುರಾತತ್ವ ಇಲಾಖೆಗೆ ಸೇರಿದ ಜಾಗವಾದರೆ ಅವರನ್ನೂ ಕೇಳಬೇಕು. ನಮ್ಮ ಬಿಸಿಲಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಆರು ಸಾಕು. ಪೂಜೆ, ಆರಾಧನೆ, ಮದುವೆಯ ಹೊತ್ತಿನಲ್ಲಿ ಬೇಡ. ಇಬ್ಬಿಬ್ಬರು, ಒಬ್ಬರು ಹಿರಿಯರು, ಒಬ್ಬರು ರಜೆಯಲ್ಲಿರುವ ಹೈಸ್ಕೂಲಿನವರು. ಮಕ್ಕಳಿಗೆ ಆ ಜಾಗದ ಬಗ್ಗೆ ಹತ್ತು ಸರಿಯಾದ ಸಂಗತಿ ಕಲಿಸಿ. ಗೊತ್ತಿಲ್ಲದ್ದನ್ನು ಕಟ್ಟಿ ಹೇಳಬಾರದೆಂದೂ ಕಲಿಸಿ. ಒಂದು ಮಗು ಬೇಸಿಗೆಯಲ್ಲಿ ಅಪರಿಚಿತರ ಮುಂದೆ ನಿಂತು ತನ್ನ ಊರಿನ ಬಗ್ಗೆ ಕನ್ನಡದಲ್ಲಿ ತಪ್ಪಿಲ್ಲದೆ ಮಾತಾಡುವುದನ್ನು ಕಲಿತರೆ, ಯಾವ ಬೇಸಿಗೆ ಶಿಬಿರದ ಫೀಸೂ ಅದಕ್ಕೆ ಸಮವಲ್ಲ ಎಂಬುದು ಮೇಷ್ಟರಾಗಿ ನನ್ನ ಅಭಿಪ್ರಾಯ. ಒಂದು ಪುಸ್ತಕ ಇಡಿ, ಬಂದವರು ಹೆಸರು, ಊರು, ತಮಗೆ ಗೊತ್ತಿರುವ ವಿಷಯ ಬರೆಯಲಿ. ಎಷ್ಟೋ ಸಲ ನಮಗಿಂತ ಹೆಚ್ಚು ತಿಳಿದವರೇ ಬಂದಿರುತ್ತಾರೆ. ಹಣದ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಇಡಬೇಡಿ.

ಇನ್ನೊಂದು. ಬರೀ ಪ್ರವಾಸಿಗಳಿಗೆಂದು ತಿಳಿಯಬೇಡಿ. ಎಸ್ಲಿಂಗೆನ್‌ನಲ್ಲಿ ನಾನು ಕಂಡ ಹಾಗೆ, ಹೆಚ್ಚು ಹೊತ್ತು ಕೂತು ಹೋಗುತ್ತಿದ್ದವರು ಅದೇ ಊರಿನವರು. ಅಂಗಡಿಯಿಂದ ಬರುತ್ತ ಚೀಲ ಕೆಳಗಿಟ್ಟು ಕೂರುವ ಒಂಟಿ ಹೆಂಗಸರು, ಆಸ್ಪತ್ರೆಯಿಂದ ಬಂದವರು, ಕೆಲಸ ಕಳೆದುಕೊಂಡವರು. ಅವರಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಬಾಗಿಲು ತೆರೆದಿತ್ತು, ಒಬ್ಬರು ನೋಡಿ ತಲೆಯಾಡಿಸುತ್ತಿದ್ದರು. ಬೆಂಗಳೂರಿನಂಥ ಊರಿನಲ್ಲಿ, ದುಡ್ಡು ಕೊಡದೆ ಏನನ್ನೂ ಕೊಳ್ಳದೆ ನೆರಳಲ್ಲಿ ಕೂರಲು ಎಷ್ಟು ಜಾಗ ಉಳಿದಿದೆ ಎಂದು ನೀವೇ ಎಣಿಸಿ.

ಕೇಳುಗರೇ, ಜೆ.ಪಿ. ನಗರದಲ್ಲೋ ಬನಶಂಕರಿಯಲ್ಲೋ ಬಿಟಿಎಂ ಬಡಾವಣೆಯಲ್ಲೋ ನಿವೃತ್ತರಾಗಿ ಮನೆಯಲ್ಲಿರುವ ನನ್ನ ವಾರಿಗೆಯವರಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಬೇಸಿಗೆ ಬರುವ ಮೊದಲು, ನಿಮ್ಮ ಮನೆಗೆ ಹತ್ತಿರದ ಒಂದು ಹಳೆಯ ಚರ್ಚನ್ನೋ ದೇವಸ್ಥಾನವನ್ನೋ ಮಸೀದಿಯನ್ನೋ ಆರಿಸಿಕೊಳ್ಳಿ. ಅದರ ಹಿರಿಯರನ್ನು ಕಂಡು, ವಾರಕ್ಕೆ ಒಂದು ದಿನ ನಾನು ಬಾಗಿಲಲ್ಲಿ ಕೂರುತ್ತೇನೆ, ಒಪ್ಪುತ್ತೀರಾ ಎಂದು ಕೇಳಿ. ಮಂಗಳೂರಿನ, ಧಾರವಾಡದ, ಉಡುಪಿಯ, ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಸಭೆಗಳ ನನ್ನ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ತಮ್ಮ ತಮ್ಮ ಸಭಾಪಾಲಕರಲ್ಲಿ ಇದೇ ಮಾತು ಎತ್ತಲಿ. ಬಲ್ಮಠದಲ್ಲಿ ಅಂಥ ಕುರ್ಚಿಯೊಂದು ಬಿದ್ದರೆ, ಊರಿಗೆ ಹೋದಾಗಲೆಲ್ಲ ಒಂದು ಸರದಿ ಕೂರಲು ನಾನು ಸಿದ್ಧ.